ಎಂಟುನೂರು ಮೀಟರಿನ ಎರಡನೆಯವಳು

ಪದಕ ಎಣಿಸಿ ಯಾರು ದೊಡ್ಡ ಆಟಗಾರ ಎಂದು ತೀರ್ಮಾನಿಸುವ ಕೆಲಸವನ್ನು ನಾನು ಮೂವತ್ತಮೂರು ವರ್ಷ ಮಾಡಿದ್ದೇನೆ. ಸರಕಾರದ ಸಂಬಳ ತೆಗೆದುಕೊಂಡೇ ಮಾಡಿದ್ದೇನೆ. ಆದ್ದರಿಂದ ಕುಂದಾಪುರದ ಹೋಟೆಲಿನಲ್ಲಿ ಚಾ ಕುಡಿಯುತ್ತ ಹುಡುಗರು ಮೊಬೈಲು ತೆರೆದಿಟ್ಟುಕೊಂಡು, ಇಂಥವನಿಗೆ ಇಷ್ಟು ಚಿನ್ನ, ಅಂಥವನಿಗೆ ಅಷ್ಟು, ಹಾಗಾಗಿ ಇಂಥವನೇ ಜಗತ್ತಿನ ಸರ್ವಶ್ರೇಷ್ಠ ಎಂದು ಜಗಳಾಡುವಾಗ ನಾನು ಬಾಯಿ ಹಾಕುವುದಿಲ್ಲ. ಚಾ ಮುಗಿಸಿ ಎದ್ದು ಬರುತ್ತೇನೆ. ಒಂದು ಕಾಲದಲ್ಲಿ ಇದೇ ವಿಷಯಕ್ಕೆ ಮೇಜು ಕುಟ್ಟಿ ಮಾತಾಡುತ್ತಿದ್ದವ ನಾನು.

ನಾನು ಕೆಲಸ ಮಾಡಿದ ಪ್ರೌಢಶಾಲೆ ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ಹೆಸರು ಬೇಡ. ಅಲ್ಲಿಗೆ ಈಗ ಪ್ರದೀಪ ಎಂಬ ಹುಡುಗ ದೈಹಿಕ ಶಿಕ್ಷಕನಾಗಿ ಬಂದಿದ್ದಾನೆ. "ಹೊಸಬರಿಗೆ ಉಪಯೋಗ ಆಗ್ಲಿ, ನಿಮ್ಮ ಅನುಭವ ಬರೆದು ಕೊಡಿ ಸರ್" ಎಂದು ಬೆನ್ನು ಹತ್ತಿದ. ಅವನು ಕೇಳಿದ್ದು ಇಂಥ ಬರಹವನ್ನಲ್ಲ ಎಂದು ನನಗೆ ಗೊತ್ತು. ಆದರೂ ಬರೆಯುತ್ತೇನೆ.

ಮೊದಲಿಗೆ ಕೆಲಸದ ಮಾತು. ನಮ್ಮನ್ನು ಊರಿನವರು ಡ್ರಿಲ್ ಮಾಷ್ಟ್ರು ಎನ್ನುತ್ತಾರೆ. ಗಣಿತದವರು ರಜೆ ಹಾಕಿದರೆ ಆ ತರಗತಿ ನಮಗೆ. ಮಂತ್ರಿಗಳು ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವವರು ನಾವು. ಮಳೆಗಾಲದ ನಾಲ್ಕು ತಿಂಗಳು ಮೈದಾನ ಕೆರೆಯಾಗಿ, ನಾವು ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂರುತ್ತೇವೆ. ಕ್ರೀಡಾಕೂಟಕ್ಕೆ ಮೊದಲಿನ ಹದಿನೈದು ದಿನ ಮಾತ್ರ ನಮಗೂ ಒಂದು ಬೆಲೆ. ಆ ಹದಿನೈದು ದಿನಕ್ಕಾಗಿ ವರ್ಷವಿಡೀ ಕಾಯುವವ ಆ ದಿನಗಳಲ್ಲಿ ಏನು ಮಾಡಲಿಕ್ಕೂ ತಯಾರಾಗಿ ಬಿಡುತ್ತಾನೆ. ಇದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು.

ನನ್ನ ಮೊದಲ ದೊಡ್ಡ ತಪ್ಪು ಕೆಲಸಕ್ಕೆ ಸೇರಿದ ವರ್ಷವೇ ಆಯಿತು. ಇನ್ನೂರು ಮೀಟರ್ ಓಟಕ್ಕೆ ಸುಣ್ಣದ ಪುಡಿಯಲ್ಲಿ ಆರು ಸಾಲು ಹಾಕಿದೆ. ತಿರುವಿನಲ್ಲಿ ಹೊರಗಿನ ಸಾಲಿನವ ಹೆಚ್ಚು ದೂರ ಓಡಬೇಕಾಗುವುದರಿಂದ ಅವನನ್ನು ಅಷ್ಟು ಮುಂದೆ ನಿಲ್ಲಿಸಬೇಕು. ತರಬೇತಿಯಲ್ಲಿ ಇದನ್ನು ನೂರು ಸಲ ಬರೆದು ಪಾಸಾದವ ನಾನು. ಆ ದಿನ ಗಡಿಬಿಡಿಯಲ್ಲಿ ಆರೂ ಜನರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದಿಬಿಟ್ಟೆ. ಆರನೇ ಸಾಲಿನ ಹುಡುಗ ಒಂದು ಗೇಣಿನಲ್ಲಿ ಸೋತ. ಬಹುಮಾನ ಕೊಟ್ಟಾಗಿ ಎಲ್ಲರೂ ಮನೆಗೆ ಹೋದ ಮೇಲೆ ಗೂಟ ಕೀಳುವಾಗ ನನಗೆ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಗೆರೆಯನ್ನು ಕಾಲಿನಿಂದ ಒರೆಸಿದೆ. ಈಗ ಯೋಚಿಸಿದರೆ ನನ್ನ ಇಡೀ ನೌಕರಿಯ ಬುದ್ಧಿ ಆ ಸಂಜೆಯೇ ತಯಾರಾಗಿತ್ತು.

ಎರಡನೆಯ ಪಾಠ ಕಲಿಸಿದವರು ನಮ್ಮ ಹೆಡ್‌ಮಾಷ್ಟ್ರು. ಒಳ್ಳೆಯ ಮನುಷ್ಯ. ಮಕ್ಕಳಿಗೆ ತಾವೇ ಬಡಿಸುತ್ತಿದ್ದರು, ಯಾರಿಗೂ ಕೈ ಎತ್ತಿದವರಲ್ಲ. ಅವರ ಕೋಣೆಯಲ್ಲೊಂದು ಗಾಜಿನ ಕಪಾಟು ಇತ್ತು.

"ಈ ಕಪಾಟ್ ಕಾಣಿ ಮಾರಾಯ್ರೆ. ಶಾಲಿಗೆ ಬಂದವ್ರ್ ಮೊದ್ಲ್ ಕಾಂಬುದೇ ಇದನ್ನ. ಇದ್ರಂಗೆ ಎಂತ ಇತ್ತ್? ಎರಡ್ ಸಣ್ಣ ಕಪ್, ಒಂದ್ ಜೇಡ್ರ ಬಲೆ" ಎಂದರು ಒಂದು ದಿನ.

ಕಪಾಟು ತುಂಬಿಸಲು ಒಂದು ದಾರಿ ಇದೆ. ಶಾಲಾ ಕೂಟಗಳಲ್ಲಿ ಮೊದಲ ಸ್ಥಾನಕ್ಕೆ ಐದು ಅಂಕ, ಎರಡಕ್ಕೆ ಮೂರು, ಮೂರಕ್ಕೆ ಒಂದು. ಒಬ್ಬರು ಮೂರು ಸ್ಪರ್ಧೆಗೆ ಇಳಿಯಬಹುದು. ಯಾರಿಗೆ ಅಂಕ ಹೆಚ್ಚೋ ಅವರಿಗೆ ವೈಯಕ್ತಿಕ ಚಾಂಪಿಯನ್ ಎಂದು ಒಂದು ಶೀಲ್ಡು. ನೂರು ಮೀಟರಿಗೆ ಮೂವತ್ತು ಮಕ್ಕಳು ಬರುತ್ತಾರೆ. ಹರ್ಡಲ್ಸಿಗೆ, ನಡಿಗೆಗೆ, ತ್ರಿವಿಧ ಜಿಗಿತಕ್ಕೆ ಮೂರೋ ನಾಲ್ಕೋ ಮಂದಿ, ಯಾಕೆಂದರೆ ಹೆಚ್ಚಿನ ಶಾಲೆಗಳಲ್ಲಿ ಹರ್ಡಲ್ಸೂ ಇಲ್ಲ, ಕಲಿಸುವವರೂ ಇಲ್ಲ. ಇದಕ್ಕೆ ನಾವು ಖಾಲಿ ಸ್ಪರ್ಧೆ ಎನ್ನುತ್ತಿದ್ದೆವು. ಖಾಲಿ ಸ್ಪರ್ಧೆಯಲ್ಲಿ ಬೀಳದೆ ಗುರಿ ಮುಟ್ಟಿದರೆ ಪದಕ ಖಂಡಿತ. ನಾನು ಅಡಿಕೆ ಮರ ಸೀಳಿ ಹರ್ಡಲ್ಸ್ ಮಾಡಿಸಿದೆ. ಮೂರೇ ವರ್ಷದಲ್ಲಿ ಕಪಾಟು ತುಂಬಿತು. ಇಪ್ಪತ್ತೇಳು ಮಕ್ಕಳನ್ನು ಸೋಲಿಸಿ ನೂರು ಮೀಟರಿನಲ್ಲಿ ಮೂರನೆಯವಳಾದವಳಿಗೆ ಒಂದು ಅಂಕ, ಇಬ್ಬರನ್ನು ಸೋಲಿಸಿ ಹರ್ಡಲ್ಸ್ ಗೆದ್ದವಳಿಗೆ ಐದು. ಇದು ಸರಿಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇನ್ನು ಆ ಇಬ್ಬರು ಹುಡುಗಿಯರ ವಿಷಯಕ್ಕೆ ಬರುತ್ತೇನೆ.

ಶೋಭಾ ಜಿಗಿತದವಳು. ಉದ್ದ ಜಿಗಿತ, ಎತ್ತರ ಜಿಗಿತ ಎರಡರಲ್ಲೂ ಎತ್ತಿದ ಕೈ. ಹೇಳಿದ್ದನ್ನು ಹೇಳಿದಂತೆ ಮಾಡುವ, ಬೆಳಿಗ್ಗೆ ಏಳಕ್ಕೆ ಬಾ ಎಂದರೆ ಆರೂವರೆಗೇ ಬಂದು ನಿಲ್ಲುವ ಹುಡುಗಿ. ಗಿರಿಜಾ ಅವಳದೇ ತರಗತಿ, ಮರವಂತೆಯವಳು. ಅಪ್ಪ ದೋಣಿಗೆ ಹೋಗುವವರು. ಗಿರಿಜಾಳಿಗೆ ಜಿಗಿಯಲು ಬರುತ್ತಿರಲಿಲ್ಲ, ಎಸೆಯಲು ಬರುತ್ತಿರಲಿಲ್ಲ. ಓಡಲು ಬರುತ್ತಿತ್ತು. ಬೆಳಿಗ್ಗೆ ಕಡಲ ಬದಿಯ ಹೊಯ್ಗೆಯಲ್ಲಿ, ಕಾಲು ಹೂಳುವ ಮರಳಿನಲ್ಲಿ, ಓಡಿ ಅಪ್ಪನಿಗೆ ಗಂಜಿ ಕೊಟ್ಟು, ಓಡಿಕೊಂಡೇ ಬಸ್ಸಿಗೆ ಬರುತ್ತಿದ್ದಳು. ಅವಳು ಓಡುತ್ತಿದ್ದ ಹೊಯ್ಗೆಯನ್ನು ಈಗ ಕಡಲು ತಿಂದು, ಅಲ್ಲಿ ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ.

ಒಂದು ದಿನ ಎಂಟುನೂರು ಮೀಟರ್ ಓಡಿಸಿ ನೋಡಿದೆ. ಹುಲ್ಲಿನ ಮೈದಾನ, ಬರಿಗಾಲು. ನನ್ನ ವಾಚು ಕೆಟ್ಟಿರಬೇಕೆಂದುಕೊಂಡು ಮರುದಿನ ಬೇರೆ ವಾಚು ತಂದೆ. ಟೇಪು ಹಿಡಿದು ಮೈದಾನವನ್ನು ಪುನಃ ಅಳೆದೆ. ಎರಡು ನಿಮಿಷ ಇಪ್ಪತ್ತು ಸೆಕೆಂಡು. ನನ್ನ ನೋಟ್ ಪುಸ್ತಕದಲ್ಲಿ ಈಗಲೂ ಇದೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೇನೆ. ಅಂಥ ಓಟವನ್ನು ಮೂವತ್ತಮೂರು ವರ್ಷಗಳಲ್ಲಿ ನಾನು ಇನ್ನೊಮ್ಮೆ ಕಾಣಲಿಲ್ಲ. ಓಡಿ ಬಂದವಳು ಏದುಸಿರು ಕೂಡ ಬಿಡದೆ, "ಇನ್ನೊಂದ್ ಸಲ ಓಡ್ಲಾ ಸರ್?" ಎಂದು ಕೇಳಿದ್ದಳು.

ಅವರಿಬ್ಬರೂ ಹತ್ತನೇ ತರಗತಿಯಲ್ಲಿದ್ದ ವರ್ಷ ಜಿಲ್ಲಾ ಕೂಟ ಬ್ರಹ್ಮಾವರದಲ್ಲಿ ನಡೆಯಿತು. ಶೋಭಾ ಎರಡೂ ಜಿಗಿತದಲ್ಲಿ ಮೊದಲು ಬಂದು ಹತ್ತು ಅಂಕ ಮಾಡಿದ್ದಳು. ಇನ್ನೊಂದು ಶಾಲೆಯ ಹುಡುಗಿ ತನ್ನ ಮೂರೂ ಸ್ಪರ್ಧೆ ಮುಗಿಸಿ ಹದಿಮೂರರಲ್ಲಿ ನಿಂತಿದ್ದಳು. ಶೋಭಾಳಿಗೆ ಉಳಿದದ್ದು ಎಂಟುನೂರು ಮೀಟರ್. ಅದಕ್ಕೆ ಅವಳ ಹೆಸರನ್ನು ನಾನೇ ಬರೆದಿದ್ದೆ, ಸ್ಪರ್ಧಿಗಳು ಕಡಿಮೆ ಎಂಬ ಲೆಕ್ಕದಲ್ಲಿ. ಎರಡನೆಯವಳಾದರೆ ಅವಳಿಗೂ ಹದಿಮೂರು. ಆಗ ಶೀಲ್ಡು ಇಬ್ಬರಿಗೂ ಸಮಪಾಲು. ಮೊದಲು ಬಂದರೆ ಹದಿನೈದು, ಶೀಲ್ಡು ಪೂರ್ತಿ ನಮ್ಮದು.

"ಅರ್ಧ ಶೀಲ್ಡ್ ತಕಂಡ್ ಎಂತ ಮಾಡುದ್? ಆರ್ ತಿಂಗ್ಳ್ ಅವ್ರ ಶಾಲಿಯಂಗೆ, ಆರ್ ತಿಂಗ್ಳ್ ನಮ್ಮ ಶಾಲಿಯಂಗೆ. ಆಪ್ದಲ್ಲ ಹೋಪ್ದಲ್ಲ" ಎಂದರು ಹೆಡ್‌ಮಾಷ್ಟ್ರು. ಅಷ್ಟೇ ಅವರು ಹೇಳಿದ್ದು. ಉಳಿದದ್ದೆಲ್ಲ ನನ್ನ ತಲೆಯಲ್ಲಿ ಹುಟ್ಟಿದ್ದು.

ಗಿರಿಜಾ ನೀರಿನ ಡ್ರಮ್ಮಿನ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಹತ್ತಿರ ಹೋದೆ.

"ಗಿರಿಜಾ, ಒಂದ್ ಮಾತ್ ಹೇಳ್ತೆ. ಬೇಜಾರ್ ಮಾಡ್ಕಣ್ಬೇಡ. ಇವತ್ತ್ ಶೋಭನ್ನ ಮುಂದೆ ಬಿಡ್ಕ್."

"ಅಂದ್ರೆ ನಾನ್ ಓಡುದ್ ಬ್ಯಾಡ್ದಾ ಸರ್?"

"ಓಡ್. ಉಳ್ದವ್ರನ್ನೆಲ್ಲ ಹಿಂದ್ ಹಾಕ್. ನಾನ್ ಕಡೀ ತಿರುವಿನ್ ಹತ್ರ ನಿಂತಿರ್ತೆ. ಶೋಭಾ ನಿನ್ ಹಿಂದೇ ಇದ್ರೆ ಟೊಪ್ಪಿ ತೆಗಿತೆ. ಆಗ ಮಾತ್ರ ನಿಧಾನ ಮಾಡ್."

ಅವಳು ಮುಖ ಒರೆಸಿಕೊಂಡಳು. "ರಾಜ್ಯಕ್ಕ್ ಹೋಪುದ್ ಫಸ್ಟ್ ಬಂದವ್ರ್ ಮಾತ್ರ ಅಲ್ದಾ ಸರ್?" ಎಂದು ಕೇಳಿದಳು.

"ನಿಂಗೆ ಕಾಲೇಜಂಗೆ ಬೇಕಾದಷ್ಟ್ ಸಿಕ್ಕತ್" ಎಂದೆ. ಕಾಲೇಜಿಗೆ ಹೋಗುವ ಅನುಕೂಲ ಅವಳಿಗಿದೆಯೇ ಎಂದು ನಾನು ಕೇಳಲಿಲ್ಲ.

"ಅಕ್ಕ್ ಸರ್" ಎಂದು ಒಪ್ಪಿಕೊಂಡಳು.

ಎರಡು ಸುತ್ತಿನ ಓಟ. ಒಂದೂವರೆ ಸುತ್ತು ಆಗುವಾಗ ಗಿರಿಜಾ ಎಲ್ಲರಿಂದ ಮೂವತ್ತು ಮೀಟರ್ ಮುಂದಿದ್ದಳು. ಶೋಭಾ ಕಷ್ಟಪಟ್ಟು ಎರಡನೆಯವಳಾಗಿ ಬರುತ್ತಿದ್ದಳು. ಕೊನೆಯ ತಿರುವಿನಲ್ಲಿ ಗಿರಿಜಾ ನನ್ನನ್ನೇ ನೋಡುತ್ತ ಬಂದಳು. ಆಗ ಟೊಪ್ಪಿ ತೆಗೆಯದೆ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಏನೂ ಮಾಡದಿದ್ದರೆ ಸಾಕಿತ್ತು. ನಾನು ಟೊಪ್ಪಿ ತೆಗೆದೆ, ಬಿಸಿಲಿಗೆ ಬೆವರು ಒರೆಸಿಕೊಳ್ಳುವವನ ಹಾಗೆ. ಅವಳು ಮುಳ್ಳು ಹೊಕ್ಕವಳಂತೆ ಒಮ್ಮೆ ಕಾಲು ನೋಡಿಕೊಂಡು ನಿಧಾನ ಮಾಡಿದಳು. ಶೋಭಾ ದಾಟಿ ಹೋದಳು. ಅವಳಿಗೆ ಈ ಏರ್ಪಾಡು ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಓಟ ಮುಗಿಸಿ ಗಿರಿಜಾ ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಕೇಳಿದಳು: "ಸರಿ ಆಯ್ತಾ ಸರ್?"

ಅವಳು ನನ್ನನ್ನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ರಾಜ್ಯ ಕೂಟದ ಎಂಟುನೂರು ಮೀಟರಿನಲ್ಲಿ ಶೋಭಾ ಎಲ್ಲರಿಗಿಂತ ಹಿಂದೆ ಬಂದಳು. "ನಂಗೆ ಈ ಓಟ ಬ್ಯಾಡ ಇದ್ದಿತ್ ಸರ್" ಎಂದು ಅತ್ತಳು. ಆದರೂ ಜಿಗಿತದ ಪದಕಗಳು ಅವಳಿಗೆ ಸಿಗುತ್ತ ಹೋದವು, ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು. ಗಿರಿಜಾ ಪರೀಕ್ಷೆ ಮುಗಿದ ಮರುವಾರ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಶೀಲ್ಡು ಕಪಾಟಿನ ನಡುವಿನ ಹಲಗೆಯಲ್ಲಿ ಕೂತಿತು. ಹೆಡ್‌ಮಾಷ್ಟ್ರು ಬಂದವರಿಗೆಲ್ಲ ಅದನ್ನು ತೋರಿಸುವಾಗ ನಾನು ಏನಾದರೂ ನೆಪ ಹೇಳಿ ಹೊರಗೆ ಹೋಗುತ್ತಿದ್ದೆ.

ಆಮೇಲೆ ನಮ್ಮ ಕೆಲಸದ ರೀತಿ ಬಹಳ ಬದಲಾಯಿತು. ಸುಣ್ಣದ ಪುಡಿ, ಹಗ್ಗ ಈಗಲೂ ಇವೆ. ಆದರೆ ಮಗು ಓಡುವ ಮೊದಲೇ ಅದರ ಫೋಟೋ, ಆಧಾರ್, ಜನನ ಪತ್ರ ಎಲ್ಲ ಕಂಪ್ಯೂಟರಿಗೆ ಹೋಗಿರಬೇಕು. ಗೆದ್ದ ಮಗು ಉಸಿರು ಬಿಡುವ ಮೊದಲೇ ಅದರ ಚಿತ್ರ ವಾಟ್ಸ್ಆ್ಯಪಿನಲ್ಲಿ. ಸೋತವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ನಮ್ಮ ಕಾಲದಲ್ಲಿ ಕೊನೇ ಪಕ್ಷ ಮಾಷ್ಟ್ರ ನೋಟ್ ಪುಸ್ತಕದಲ್ಲಾದರೂ ಉಳಿಯುತ್ತಿತ್ತು. ಮೈದಾನದ ಅರ್ಧ ಭಾಗದಲ್ಲಿ ಸಭಾಭವನ ಎದ್ದಿದೆ. ಅಲ್ಲಿ ಎಂಟುನೂರು ಮೀಟರ್ ಓಡಬೇಕಾದರೆ ಈಗ ಎಷ್ಟು ಸುತ್ತು ಹಾಕಬೇಕೋ ನನಗೆ ಗೊತ್ತಿಲ್ಲ.

ನಿವೃತ್ತಿಗೆ ಆರು ವರ್ಷ ಇರುವಾಗ ಬ್ರಹ್ಮಾವರದಿಂದ ಬರುವ ಬಸ್ಸಿನಲ್ಲಿ ಯಾರೋ ಕರೆದರು. "ಹ್ವಾಯ್ ಸರ್, ಗುರ್ತ್ ಸಿಕ್ತಾ?" ನನಗೆ ಸಿಗಲಿಲ್ಲ. ಬೆರಳ ತುದಿಗಳು ಗೇರಿನ ಎಣ್ಣೆಗೆ ಕಪ್ಪಾಗಿದ್ದವು. ಹೆಸರು ಹೇಳಿದ ಮೇಲೆ ಗೊತ್ತಾಯಿತು, ಗಿರಿಜಾ. ತೆಕ್ಕಟ್ಟೆಯವರೆಗೆ ಮರವಂತೆಯ ಮನೆ, ಗಂಡ, ಮಗಳು ಎಂದೆಲ್ಲ ಮಾತಾಡಿದಳು. ಆಮೇಲೆ ನಗುತ್ತಲೇ ಹೇಳಿದಳು:

"ನಾನ್ ಅಷ್ಟ್ ಓಡ್ತಿದ್ದೆ ಅಂದ್ರೆ ಮನಿಯಂಗೆ ಯಾರೂ ನಂಬುದಿಲ್ಲೆ ಸರ್. ಮಗ್ಳಂತೂ ನೆಗಾಡತ್ತ್. ಸರ್ಟಿಫಿಕೇಟ್ ತೋರ್ಸಿರೆ, ಅಮ್ಮ ಸೆಕೆಂಡ್ ಅಲ್ದಾ ಅಂತ್ಲ್. ನೀವ್ ಒಂದ್ ಸಲ ಮನಿಗ್ ಬಂದ್ ಹೇಳ್ರಿ. ನೀವ್ ಹೇಳ್ರೆ ನಂಬ್ತ್ಲ್."

"ಬತ್ತೆ, ಖಂಡಿತ ಬತ್ತೆ" ಎಂದೆ. ಹೋಗಲಿಲ್ಲ. ಮರವಂತೆಯ ಮೇಲೆ ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ಕಡೆ ಕಡಲು, ಒಂದು ಕಡೆ ಹೊಳೆ ನೋಡುತ್ತ. ಇಳಿಯಲಿಲ್ಲ. ಅವಳೇ ಮೊದಲನೆಯವಳು ಎಂದು ಹೇಳುವುದು ಸುಲಭ. ಹಾಗಾದರೆ ಯಾಕೆ ಸೋತಳು ಎಂದು ಆ ಮಗು ಕೇಳಿದರೆ ಏನು ಹೇಳಲಿ?

ಆ ಪ್ರಶ್ನೆ ನನ್ನನ್ನು ಬೇರೆ ಕಡೆ ಹುಡುಕಿಕೊಂಡು ಬಂತು. ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವದ ಸಮಿತಿಯವರು ಶಾಲೆಯ ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟು ಎಂದು ಒಬ್ಬರನ್ನು ಗೌರವಿಸುವುದೆಂದು ತೀರ್ಮಾನಿಸಿದರು. ಆಯ್ಕೆಗೆ ಮೂವರು. ಮುಂಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದ ಶೆಟ್ಟರು ಅಧ್ಯಕ್ಷರು, ಮತ್ತೆ ಪ್ರದೀಪ, ನಾನು. ಪ್ರದೀಪ ಒಂದು ಪಟ್ಟಿ ಮಾಡಿ ತಂದಿದ್ದ. ಶೋಭಾಳಿಗೆ ಇಪ್ಪತ್ತಮೂರು ಪದಕ. ಅವಳ ನಂತರದವನಿಗೆ ಒಂಬತ್ತು.

"ಇದ್ರಂಗೆ ಚರ್ಚೆ ಮಾಡುಕ್ ಎಂತ ಇತ್ತ್? ಲೆಕ್ಕವೇ ಹೇಳತ್ತಲೆ" ಎಂದರು ಶೆಟ್ಟರು.

ನಾನು ಚರ್ಚೆ ಮಾಡಿದೆ. ಖಾಲಿ ಸ್ಪರ್ಧೆಯ ವಿಷಯ ಹೇಳಿದೆ. ಜಿಗಿಯುವವರಿಗೆ ಒಂದೇ ದಿನ ಎರಡು ಮೂರು ಪದಕ ಸಿಗಬಹುದು, ದೂರ ಓಡುವವರಿಗೆ ಒಂದೇ, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ ಎಂದು ಕೇಳಿದೆ. ಪದಕ ಆ ದಿನ ಯಾರು ಗೆದ್ದರು ಎಂಬುದನ್ನು ಹೇಳುತ್ತದೆ, ಯಾರು ದೊಡ್ಡವರು ಎಂಬುದನ್ನು ಹೇಳಬೇಕಾದವರು ಕಣ್ಣಾರೆ ಕಂಡವರು ಎಂದೆ. ಪ್ರದೀಪ ಮರ್ಯಾದೆಯಿಂದಲೇ ಉತ್ತರಿಸಿದ: "ಕಂಡವ್ರ್ ಹೇಳಿದ್ದೇ ಸರಿ ಅಂದ್ರೆ, ನಾಳೆ ಊರಿನವ್ರೆಲ್ಲ ನಮ್ಮ ತಮ್ಮನೂ ಓಡ್ತಿದ್ದ ಅಂತ್ರ್ ಸರ್. ಪದಕಕ್ಕಾರೂ ಒಂದ್ ದಾಖಲೆ ಇತ್ತ್." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಪದಕ ಕೊಡುವವರು ನೆಟ್ಟಗಿದ್ದರೆ ಪದಕವೂ ನೆಟ್ಟಗಿರುತ್ತದೆ. ನಾನು ಚೀಲದಿಂದ ನೋಟ್ ಪುಸ್ತಕ ತೆಗೆದು ಕೆಂಪು ಗೆರೆ ತೋರಿಸಿದೆ.

ಶೆಟ್ಟರು ಕನ್ನಡಕ ಹಾಕಿ ನೋಡಿದರು. "ಟೈಮ್ ಒಳ್ಳೇದಿತ್ತ್. ಆದ್ರೆ ಇದ್ ಅಭ್ಯಾಸದ ಓಟ. ಜಿಲ್ಲೆಯಂಗೆ ಇದೇ ಶೋಭಾ ಇವ್ಳನ್ನ ಸೋಲ್ಸಿದ್ಲ್ ಅಂದೇಳಿ ಪಟ್ಟಿಯಂಗೆ ಬರ್ದಿತ್ತ್. ಇಷ್ಟ್ ಓಡುವವ್ಳ್ ಆ ದಿನ ಯಾಕ್ ಸೋತ್ಲ್ ಮಾಷ್ಟ್ರೆ?"

ಇಬ್ಬರೂ ನನ್ನ ಮುಖ ನೋಡಿದರು. ಇಪ್ಪತ್ತೈದು ವರ್ಷ ಕಾದಿದ್ದ ಜಾಗ ಅದು.

"ಅವತ್ತ್ ಅವಳಿಗೆ ಹುಷಾರಿರ್ಲಿಲ್ಲೆ" ಎಂದೆ.

ಅಲ್ಲಿಗೆ ಮುಗಿಯಿತು. ಶೋಭಾಳ ಹೆಸರು ನಿಂತಿತು. ಸಮಾರಂಭದಲ್ಲಿ ಅವಳ ಬಗ್ಗೆ ಎರಡು ನಿಮಿಷ ಮಾತಾಡಬೇಕೆಂದು ನನಗೇ ಹೇಳಿದರು. ಮನೆಗೆ ಬರುವಾಗ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಆಮೇಲೆ ಒಂದು ಧೈರ್ಯ ಬಂತು: ಆ ಎರಡು ನಿಮಿಷದಲ್ಲಿಯೇ ಮೈಕಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇನೆ. ಗಿರಿಜಾಳ ಫೋನ್ ನಂಬರು ಹುಡುಕಿ ಕರೆದೆ. "ಮಗಳನ್ನ ಕರ್ಕಂಡ್ ಬಾ. ಅಲ್ಲಿ ಎಲ್ಲರ ಮುಂದೆ ಹೇಳ್ತೆ" ಎಂದೆ. "ಬತ್ತೆ ಸರ್. ರಜೆ ಹಾಕಿ ಬತ್ತೆ" ಎಂದಳು.

ಬಂದಿದ್ದಳು. ಮಧ್ಯಾಹ್ನದ ಕಾರ್ಯಕ್ರಮ, ಮೂರನೇ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ನಾನು ಬರೆದುಕೊಂಡ ಚೀಟಿ ಜೇಬಿನಲ್ಲಿತ್ತು. ಮೊದಲು ಶೋಭಾ ಮಾತಾಡಿದಳು. ತಂದೆ ತೀರಿಹೋದ ವರ್ಷ ತಾನು ಶಾಲೆ ಬಿಡುವವಳಿದ್ದೆ, ಮೈದಾನ ಒಂದು ಇದ್ದುದರಿಂದ ಉಳಿದೆ ಎಂದಳು. "ನನ್ನ ಪದಕ ಎಲ್ಲ ಸರ್ ಕೊಟ್ಟದ್ದು" ಎಂದು ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಿದಳು. ಅಳುತ್ತಿದ್ದಳು. ಅವಳ ತಪ್ಪು ಒಂದೂ ಇರಲಿಲ್ಲ. ನಾನು ಬಾಯಿ ತೆರೆದರೆ ಇಪ್ಪತ್ತಮೂರು ಪದಕವೂ ಜನರ ಕಣ್ಣಿಗೆ ಕಳ್ಳಮಾಲಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೆದರಿಕೆ.

ಮೈಕು ಕೈಗೆ ಬಂತು. ಶಿಸ್ತು, ಪರಿಶ್ರಮ, ಶಾಲೆಯ ಕೀರ್ತಿ ಎಂದೆ. ಮೂರನೇ ಸಾಲಿನ ಕಡೆ ನೋಡದೆ ಮಾತಾಡಿದೆ. ಕೊನೆಗೆ ತಪ್ಪಿ ಒಮ್ಮೆ ನೋಡಿದೆ. ಗಿರಿಜಾ ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿ ಕೂತು, ಆ ದಿನ ತಿರುವಿನಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡುತ್ತಿದ್ದಳು. "ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ" ಎಂದೆ. ಚಪ್ಪಾಳೆ ಬಿತ್ತು.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನೀವು ನಾಳೆ ಸೀಟಿ, ವಾಚು ಹಿಡಿದು ಮೈದಾನಕ್ಕಿಳಿಯುತ್ತೀರಿ. ಪದಕ ಎಣಿಸಬೇಡಿ ಎಂದು ನಾನು ಹೇಳಿದರೆ ಕೇಳುವವರಿಲ್ಲ, ಇಲಾಖೆಯೇ ಎಣಿಸುತ್ತದೆ. ಕಪಾಟು ನಿಮ್ಮ ಶಾಲೆಯಲ್ಲೂ ಇದೆ. ನಾನು ಬರೆದಿಟ್ಟದ್ದನ್ನು ಓದಿ ಯಾರಾದರೂ ಟೊಪ್ಪಿ ತೆಗೆಯದೆ ಉಳಿಯುತ್ತಾರೆಂಬ ನಂಬಿಕೆಯೂ ನನಗಿಲ್ಲ. ಆ ಎರಡು ನಿಮಿಷದಲ್ಲಿ ಹೇಳಬೇಕಾದದ್ದನ್ನು ಈಗ ಕಾಗದದ ಮೇಲೆ ಹೇಳಿದ್ದೇನೆ, ಅಷ್ಟೆ. ತಡವಾಗಿ ಬಂದವರಿಗೆ ನಾವು ಅಂಕ ಕೊಟ್ಟವರಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಗೇಟಿನ ಹೊರಗೆ ಬಸ್ಸಿಗೆ ನಿಂತಿದ್ದ ಅವರಿಬ್ಬರ ಹತ್ತಿರ ಹೋದೆ. ಹೋಗದೆ ಇರಲು ಆಗಲಿಲ್ಲ. ಮಗಳು ನಮಸ್ಕಾರ ಮಾಡಿ, "ಅಮ್ಮ ನಿಮ್ ಸುದ್ದಿ ಯಾವಾಗ್ಳೂ ಹೇಳ್ತ್ಲ್ ಸರ್" ಎಂದು ಸ್ವಲ್ಪ ಆಚೆ ಹೋಗಿ ರಸ್ತೆ ನೋಡುತ್ತ ನಿಂತಳು. ಗಿರಿಜಾಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದೇ ಸಣ್ಣ ಸ್ವರದಲ್ಲಿ ಕೇಳಿದಳು:

"ಕಡೀ ತಿರುವಂಗೆ ನೀವೂ ನಿಧಾನ ಮಾಡ್ದ್ರಿ ಅಲ್ದಾ ಸರ್?"

ಅಷ್ಟರಲ್ಲಿ ಬಸ್ಸು ಬಂದು, ನಿಲ್ದಾಣ ದಾಟಿ ಮುಂದೆ ಹೋಗಿ ನಿಂತಿತು. "ಅಮ್ಮಾ, ಬಸ್ಸ್ ಹೋತ್ತ್, ಓಡ್!" ಎಂದು ಕೂಗಿ ಮಗಳು ಓಡಿದಳು. ಗಿರಿಜಾ ಓಡಲಿಲ್ಲ. ಚಪ್ಪಲಿ ಸರಿ ಮಾಡಿಕೊಂಡು ನಡೆದೇ ಹೋದಳು. ಬಸ್ಸು ಅವಳಿಗಾಗಿ ಕಾಯಿತು.